ಎರಡು ನಿಂಬೆಹಣ್ಣು, ಒಂದು ಪೆಟ್ರೋಲ್ ಟ್ಯಾಪು

ನಾನು ವಿಜ್ಞಾನದ ಮೇಷ್ಟ್ರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಹುಣಸೂರಿನಿಂದ ಗುರುಪುರದ ಕಡೆಗೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ಹದಿನೇಳು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಎಂಜಿನ್ ಎಂದರೇನು, ಅದರೊಳಗೆ ಇಂಧನ ಹೇಗೆ ಉರಿಯುತ್ತದೆ, ಪಿಸ್ಟನ್ ಹೇಗೆ ಮೇಲೆ ಕೆಳಗೆ ಆಡುತ್ತದೆ ಎಂಬುದನ್ನು ಮೂರು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಬಲ್ಲೆ. ಟು ಸ್ಟ್ರೋಕ್ ಎಂಜಿನ್ನಿನ ಚಿತ್ರವನ್ನಂತೂ ಬೋರ್ಡಿಗೆ ಬೆನ್ನು ಹಾಕಿಕೊಂಡೇ ಬರೆದುಬಿಡುತ್ತೇನೆ. ಆದರೆ ನಮ್ಮ ಮನೆಯ ಮುಂದೆ ನಿಂತಿರುವ ನಿಜವಾದ ಟು ಸ್ಟ್ರೋಕ್ ಎಂಜಿನ್ನು ನಾನು ಬರೆದ ಚಿತ್ರವನ್ನು ಒಮ್ಮೆಯೂ ನೋಡಿಲ್ಲ. ಹಾಗಾಗಿ ತಾನು ಹೇಗೆ ನಡೆದುಕೊಳ್ಳಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಅದು ಹೇಗೆ ನಡೆದುಕೊಳ್ಳುತ್ತದೆಂಬುದು ನನಗೆ ಗೊತ್ತಿಲ್ಲ. ಆರು ವರ್ಷಗಳಿಂದ ನಾವಿಬ್ಬರೂ ಹೀಗೆಯೇ ಸಂಸಾರ ಮಾಡುತ್ತಿದ್ದೇವೆ.

ಗಾಡಿ ನನ್ನದಲ್ಲ, ಮಾವನದು. ನನ್ನ ಮಾವ ಪುಟ್ಟಸ್ವಾಮಿಗೌಡರು ಗಾವಡಗೆರೆಯ ಪಕ್ಕದ ಹಳ್ಳಿಯವರು, ಹೊಗೆಸೊಪ್ಪು ಬೆಳೆಯುವವರು. ವಯಸ್ಸಿನಲ್ಲಿ ಆಸೆಪಟ್ಟು ಕೊಂಡ ಗಾಡಿ ಅದು. ಕೆಂಪು ಟ್ಯಾಂಕು, ಎರಡು ಕಡೆಗೂ ಉದ್ದುದ್ದ ಸೈಲೆನ್ಸರು, ಕಿವಿಗೆ ಬೀಳುವ ಮೊದಲೇ ಎದೆಗೆ ಬೀಳುವ ಸದ್ದು. ಯಾವ ಕಂಪನಿಯದೆಂದು ಹೇಳುವುದಿಲ್ಲ. ಹೇಳಿದರೆ ಆ ಗಾಡಿಯನ್ನು ಇಟ್ಟುಕೊಂಡವರೆಲ್ಲ ನಮ್ಮ ಮನೆ ಹುಡುಕಿಕೊಂಡು ಬಂದು ನನಗೆ ಬುದ್ಧಿ ಹೇಳುತ್ತಾರೆ, ಅಂಥವರು ಊರಿಗೊಬ್ಬರಿದ್ದಾರೆ. ಆರು ವರ್ಷಗಳ ಹಿಂದೆ ಮಾವನ ಮಂಡಿ ಕೈಕೊಟ್ಟಿತು. ಕಿಕ್ ಹೊಡೆಯಲು ಆಗುವುದಿಲ್ಲವೆಂದು ಗೊತ್ತಾದ ದಿನ ಅವರು ಗಾಡಿಯ ಕೀಲಿಯನ್ನು ಸ್ವಂತ ಮಗ ಮಂಜುವಿಗೆ ಕೊಡದೆ ನನ್ನ ಕೈಗೆ ಹಾಕಿದರು. ನಾನು ಉಬ್ಬಿಹೋದೆ. ಆಮೇಲೆ ಅತ್ತೆಯವರ ಹತ್ತಿರ ಮಾವ ಹೇಳುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು. “ಮಂಜನ್ ಕೈಗೆ ಕೊಟ್ರೆ ಮಾರ್ಬುಡ್ತಾನೆ ಕಣಮ್ಮಿ. ಮೇಷ್ಟ್ರು ಪಾಪ, ಮಾರಕ್ಕೂ ಗೊತ್ತಾಗ್ದೆ ಇಟ್ಕತಾರೆ.” ಇದು ಹೊಗಳಿಕೆಯೋ ಅಲ್ಲವೋ ಎಂದು ನಾನು ಇವತ್ತಿಗೂ ಯೋಚಿಸುತ್ತಿದ್ದೇನೆ.

ಈ ಗಾಡಿಯ ಮೊದಲ ವಿಶೇಷವೆಂದರೆ ಅದಕ್ಕೆ ಕಿಕ್ಕರ್ ಇಲ್ಲ. ಅಂದರೆ ಇದೆ, ಆದರೆ ಅದೇ ಗೇರು. ಎಡಗಡೆಯ ಒಂದೇ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ, ಕೆಳಕ್ಕೆ ಇಳಿಸಿದರೆ ಗೇರಾಗುತ್ತದೆ. ಇದರಿಂದ ನನಗೆ ಒಂದು ಉಪಕಾರವೂ ಆಗಿದೆ. ಮೂರು ವರ್ಷದ ಹಿಂದೆ ಹುಣಸೂರಿನ ಸಂತೆಯ ದಿನ ಯಾರೋ ಗಾಡಿಯನ್ನು ಕದ್ದರು. ನಾನು ಅಳುವುದೊಂದು ಬಾಕಿ. ಹುಡುಕಿಕೊಂಡು ಹೊರಟರೆ ಎರಡನೆಯ ಬೀದಿಯ ಮೂಲೆಯಲ್ಲೇ ನಿಂತಿತ್ತು. ಕಳ್ಳ ಅಲ್ಲಿಯತನಕ ತಳ್ಳಿಕೊಂಡು ಹೋಗಿ, ಕಿಕ್ಕರ್ ಎಲ್ಲಿದೆಯೆಂದು ಸುತ್ತಲೂ ತಡಕಾಡಿ, ಸಿಗದೆ ಬಿಟ್ಟುಹೋಗಿದ್ದ. ಎದುರು ಅಂಗಡಿಯವನು ಹೇಳಿದ, “ಒಂದ್ ಗಂಟೆ ಒದ್ದಾಡ್ದ ಸಾರ್. ಬೆವ್ರು ಒರಸ್ಕೊಳಕ್ಕೆ ನಮ್ಮಂಗ್ಡೀಲೇ ಕೂತಿದ್ದ. ಸೋಡಾ ಬೇರೆ ಕುಡ್ದ. ನಾವು ಅವನ್ದೇ ಗಾಡಿ ಅನ್ಕಂಡೋ, ನೀವೂ ದಿನಾ ಅಂಗೇ ಒದ್ದಾಡ್ತೀರಲ್ಲ.”

ಎರಡನೆಯ ವಿಶೇಷ, ಪೆಟ್ರೋಲಿನ ಜೊತೆ ಎಣ್ಣೆ ಬೆರೆಸುವುದು. ಎಷ್ಟು ಪೆಟ್ರೋಲಿಗೆ ಎಷ್ಟು ಎಣ್ಣೆಯೆಂದು ಮಾವ ನನಗೆ ಕೆಮ್ಮಿನ ಔಷಧಿಯ ಮುಚ್ಚಳದ ಅಳತೆಯಲ್ಲಿ ಹೇಳಿಕೊಟ್ಟಿದ್ದಾರೆ. ಎಣ್ಣೆ ಕಡಿಮೆಯಾದರೆ ಎಂಜಿನ್ನು ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹೊಗೆ. ಒಂದು ಸಲ ಕೆ.ಆರ್. ನಗರದ ಬಂಕಿನಲ್ಲಿ ಹಾಕಿಸುವಾಗ ಯಾರೋ ಪರಿಚಯದವರು ಮಾತಿಗೆ ಸಿಕ್ಕಿದರು. ಎಣ್ಣೆ ಹಾಕಿದೆನೋ ಇಲ್ಲವೋ ಮರೆತುಹೋಗಿ, ಎಂಜಿನ್ನು ಹಾಳಾಗುವುದಕ್ಕಿಂತ ಹೊಗೆ ವಾಸಿಯೆಂದು ಇನ್ನೊಂದು ಸಲ ಹಾಕಿದೆ. ಮಾರನೆಯ ದಿನ ಅದೇ ಗಾಡಿಯಲ್ಲಿ ಬೈಲಕುಪ್ಪೆಗೆ ಹೋಗಬೇಕಾಯಿತು. ನಾನು ಹಿಂದೆ ತಿರುಗಿ ನೋಡಿದರೆ ರಸ್ತೆಯೇ ಕಾಣಿಸುತ್ತಿರಲಿಲ್ಲ. ಪಕ್ಕದಲ್ಲಿ ನಡೆದು ಹೋಗುತ್ತಿದ್ದ ವಯಸ್ಸಾದ ಲಾಮಾ ಒಬ್ಬರು ಕೆಂಪು ಬಟ್ಟೆಯ ಅಂಚಿನಿಂದ ಮೂಗು ಮುಚ್ಚಿಕೊಂಡು, ನನ್ನನ್ನು ನೋಡಿ ನಕ್ಕರು. ಅದು ಕರುಣೆಯ ನಗುವೋ, ಬೇರೆಯ ನಗುವೋ ತಿಳಿಯಲಿಲ್ಲ. ನಾನೂ ನಕ್ಕು ಕೈಮುಗಿದೆ. ಕೈಮುಗಿಯಲು ಹ್ಯಾಂಡಲ್ ಬಿಟ್ಟದ್ದರಿಂದ ಆಮೇಲೆ ಆದದ್ದನ್ನು ಇಲ್ಲಿ ಹೇಳುವುದಿಲ್ಲ. ಮಾವನ ಊರಿನಲ್ಲಿ ಮಾತ್ರ ನನ್ನ ಹೊಗೆಗೆ ಬೆಲೆಯಿಲ್ಲ. ಸೊಪ್ಪು ಬೇಯಿಸುವ ದಿನಗಳಲ್ಲಿ ಅಲ್ಲಿ ಮನೆಗೊಂದರಂತೆ ಸೊಪ್ಪು ಒಣಗಿಸುವ ಗೂಡುಗಳು, ಅಂದರೆ ಬ್ಯಾರನ್ನುಗಳು, ಹೊಗೆಯಾಡುತ್ತಿರುತ್ತವೆ. ಅವುಗಳ ನಡುವೆ ನನ್ನದೂ ಒಂದು ಓಡಾಡುವ ಬ್ಯಾರನ್ನು ಎಂದುಕೊಂಡು ಜನ ಸುಮ್ಮನಿರುತ್ತಾರೆ.

ಇವೆಲ್ಲ ಸಹಿಸಿಕೊಳ್ಳಬಹುದಾದ ವಿಷಯಗಳು. ಸಹಿಸಲಾಗದ್ದು ಒಂದೇ. ಗಾಡಿ ಕೆಲವು ದಿನ ಬೆಳಿಗ್ಗೆ ಒಂದೇ ಕಿಕ್ಕಿಗೆ ಎದ್ದು ಕೂರುತ್ತದೆ, ಕೆಲವು ದಿನ ಏನು ಮಾಡಿದರೂ ಏಳುವುದಿಲ್ಲ. ಎರಡಕ್ಕೂ ಕಾರಣವಿಲ್ಲ. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ಮಕ್ಕಳಿಗೆ ದಿನಾ ಹೇಳುವ ನಾನು ಇದನ್ನು ಹೇಗೆ ಒಪ್ಪಲಿ? ಒಂದು ನೋಟ್‌ಬುಕ್ ಇಟ್ಟೆ. ಗಾಡಿ ಏಳದ ದಿನ ವಾರ, ಬಿಸಿಲು, ಮಳೆ, ಎಲ್ಲಿ ನಿಲ್ಲಿಸಿದ್ದೆ, ಯಾವ ಬಂಕಿನ ಪೆಟ್ರೋಲು ಎಲ್ಲ ಬರೆದೆ. ಒಂದು ಹಂತದಲ್ಲಿ ಅಂಗಿಯ ಬಣ್ಣವನ್ನೂ ಬರೆಯತೊಡಗಿದೆ. ಎರಡು ವರ್ಷದ ಬರಹವನ್ನು ಒಂದು ಭಾನುವಾರ ಕೂತು ನೋಡಿದೆ. ಗಾಡಿ ಏಳದ ದಿನಗಳೆಲ್ಲವೂ ನನ್ನ ಹೆಂಡತಿ ಸುಮಿತ್ರ ಬಸ್ಸಿನಲ್ಲಿ ತವರಿಗೆ ಹೋಗಿದ್ದ ದಿನಗಳು. ಒಂದೂ ತಪ್ಪಿಲ್ಲ. ನಾನು ನೋಟ್‌ಬುಕ್ ಮುಚ್ಚಿ, ಹೊರಗೆ ಹೋಗಿ ಗಾಡಿಯನ್ನು ನೋಡಿದೆ. ಅದು ತನ್ನ ಮನೆಯ ಹೆಣ್ಣುಮಗಳನ್ನು ನೆನೆಸಿಕೊಳ್ಳುತ್ತದೆ. ಕಬ್ಬಿಣಕ್ಕೂ ಮನಸ್ಸಿದೆ. ಹದಿನೇಳು ವರ್ಷ ಪಾಠ ಹೇಳಿದ ಮೇಲೆ ನಾನು ಮುಟ್ಟಿದ ತೀರ್ಮಾನ ಇದು. ಸುಮಿತ್ರಳಿಗೆ ಹೇಳಿದೆ. ಅವಳು ದಿನವೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತು ಊರಿನ ಅರ್ಧ ಹೆಂಗಸರಿಗೆ ಬ್ಲೌಸ್ ಹೊಲಿಯುವವಳು. ಸೂಜಿಗೆ ದಾರ ಪೋಣಿಸುತ್ತಲೇ, “ನಾನಿಲ್ದಿದ್ರೆ ಗ್ಯಾಸ್ ಒಲೆನೂ ಹತ್ಕೊಳಲ್ಲ ಅಂತೀರ, ಅದೂ ನನ್ನ ನೆನೆಸ್ಕೊತದಾ?” ಎಂದಳು. ನಾನು ಅದನ್ನು ತಮಾಷೆಯೆಂದುಕೊಂಡೆ.

ಹೀಗಿರುವಾಗ ಕಳೆದ ಆಯುಧಪೂಜೆಗೆ ಹದಿನೈದು ದಿನ ಮುಂಚೆ, ನಾವು ಮಾವನ ಊರಿಗೆ ಹೋಗಿದ್ದಾಗ, ಮಂಜು ಒಂದು ಸುದ್ದಿ ತಂದ. ಮಂಜು ಸುಮಿತ್ರಳ ತಮ್ಮ, ಒಳ್ಳೆಯ ಹುಡುಗ, ಆದರೆ ಯಾವ ವಸ್ತುವನ್ನು ಕಂಡರೂ ಇದನ್ನು ಯಾರಿಗೆ ಕೊಡಬಹುದು ಎಂದೇ ಯೋಚಿಸುತ್ತಾನೆ. ಮೈಸೂರಿನಲ್ಲಿ ಒಬ್ಬರು ಹೊಸದಾಗಿ ಕಾಫಿ ಹೋಟೆಲ್ ಮಾಡುತ್ತಿದ್ದಾರಂತೆ. ಗೋಡೆಗೆ ಹಳೆಯ ಮೋಟಾರ್ ಸೈಕಲ್ ಒಂದನ್ನು ಜೋಡಿಸಿ, ಹೆಡ್‌ಲೈಟಿನೊಳಗೆ ಬಣ್ಣದ ಬಲ್ಬು ಹಾಕುತ್ತಾರಂತೆ. “ಎಂಜಿನ್ ಸ್ಟಾರ್ಟ್ ಆಗ್ಬೇಕು ಅಂತನೂ ಇಲ್ಲ ಭಾವ, ನೋಡಕ್ಕೆ ಚೆಂದ ಇದ್ರೆ ಸಾಕಂತೆ. ನಮ್ ಗಾಡಿಗೆ ಹೇಳಿ ಮಾಡ್ಸಿದ್ ಜಾಗ” ಎಂದ. ನಾನು ಮಾವನ ಮುಖ ನೋಡಿದೆ. ಅವರು ಬ್ಯಾರನ್ನಿನ ಒಲೆಗೆ ಸೌದೆ ಒಡ್ಡುತ್ತ ಕೂತಿದ್ದರು. ಇಲ್ಲವೆನ್ನುತ್ತಾರೆಂದುಕೊಂಡಿದ್ದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದರು, “ಓಡ್ಸಕ್ಕೆ ಬರ್ದಿರೋರ್ ಮನೇಲಿದ್ರೂ ಒಂದೇ, ಓಟ್ಲು ಗೋಡೇಲಿದ್ರೂ ಒಂದೇ. ಆಯುಧಪೂಜೆ ದಿನ ಇಲ್ಲಿಗ್ ತಗಬನ್ನಿ ಮೇಷ್ಟ್ರೇ. ಪೂಜೆ ಆದ್ಮೇಲೆ ನನ್ ಕಣ್ಮುಂದೆ ಸ್ಟಾರ್ಟ್ ಮಾಡಿ ನಿಂಬೆಅಣ್ ದಾಟ್ಸಿ. ದಾಟ್ಸುದ್ರೆ ಗಾಡಿ ನಿಮ್ ಮನೇಲೇ ಇರ್ಲಿ. ಇಲ್ಲ ಅಂದ್ರೆ ಮಂಜ ಯೋಳ್ದಂಗೆ ಆಗ್ಲಿ.”

ಒಂದು ಮಾತು ಹೇಳಬೇಕು. ಗಾಡಿಯಿಂದ ಪಟ್ಟ ಪಾಡನ್ನೆಲ್ಲ ಇಷ್ಟು ಹೊತ್ತು ಹೇಳಿದ ಮೇಲೆ, ಹೋದರೆ ಹೋಗಲಿ ಎಂದು ನಾನು ನಿಟ್ಟುಸಿರು ಬಿಡಬೇಕಾಗಿತ್ತು. ಬಿಡಲಾಗಲಿಲ್ಲ. ಅದು ಸರಿಯಿದ್ದ ದಿನ ಗುರುಪುರದ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಹೋಗುವಾಗ, ಎರಡೂ ಕಡೆ ಜೋಳ ಎದ್ದು ನಿಂತಿರುವಾಗ, ಹಿಂದೆ ಕೂತ ಸುಮಿತ್ರ ಏನೋ ಹೇಳುತ್ತಿರುತ್ತಾಳೆ. ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ನಾನು “ಹೂಂ” ಎನ್ನುತ್ತಿರುತ್ತೇನೆ. ಆ ಹೊತ್ತಿನಲ್ಲಿ ನನಗೆ ಬೇರೇನೂ ಬೇಕೆನ್ನಿಸುವುದಿಲ್ಲ. ಆ ಗಾಡಿಯ ಹೆಡ್‌ಲೈಟಿನಲ್ಲಿ ಬಣ್ಣದ ಬಲ್ಬು ಉರಿಯುವುದನ್ನು, ಅದರ ಕೆಳಗೆ ಜನ ಕಾಫಿ ಕುಡಿಯುವುದನ್ನು ನೆನೆಸಿಕೊಂಡಾಗಲೆಲ್ಲ ಎದ್ದುಹೋಗಿ ಹೆಡ್‌ಲೈಟನ್ನು ಒಮ್ಮೆ ಒರೆಸಿ ಬರುತ್ತಿದ್ದೆ. ನನಗೆ ಆ ಗಾಡಿಯ ಮೇಲೆ ಪ್ರೀತಿಯಿತ್ತು. ಅದಕ್ಕೆ ನನ್ನ ಮೇಲೆ ಏನಿತ್ತೆಂಬುದು ಬೇರೆ ಪ್ರಶ್ನೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಗಾಡಿಯನ್ನು ಪಿರಿಯಾಪಟ್ಟಣದ ಮೆಕ್ಯಾನಿಕ್ ಜೋಸಣ್ಣನ ಹತ್ತಿರ ತೆಗೆದುಕೊಂಡು ಹೋದೆ. ಈ ಜಾತಿಯ ಗಾಡಿಯ ಹೊಟ್ಟೆಯೊಳಗಿನದು ತಿಳಿದವರು ಸುತ್ತಮುತ್ತ ಉಳಿದಿರುವುದು ಅವನೊಬ್ಬನೇ. ಅವನ ತಂದೆ ಕೇರಳದ ಕಡೆಯಿಂದ ಬಂದು ನೆಲೆಸಿದವರು, ಇವನ ಕನ್ನಡದಲ್ಲಿ ಆ ರಾಗ ಇನ್ನೂ ಇದೆ. ಜೋಸಣ್ಣ ಪಾಯಿಂಟು ಉಜ್ಜಿದ, ಪ್ಲಗ್ಗು ಒರೆಸಿದ, ಕಿವಿ ಇಟ್ಟು ಕೇಳಿದ. “ಸಾರೇ, ಇದಕ್ಕೆ ರೋಗ ಏನೂ ಇಲ್ಲ. ಗಾಡಿ ನಿಲ್ಲಿಸಿದ ಮೇಲೆ ಪೆಟ್ರೋಲ್ ಟ್ಯಾಪ್ ಬಂದ್ ಮಾಡ್ತೀರಲ್ಲ?” ಎಂದ. ಯಾವ ಟ್ಯಾಪು ಎಂದೆ. ಅವನು ಟ್ಯಾಂಕಿನ ಕೆಳಗೆ ಬೆರಳು ತೂರಿಸಿ, ಕಡಲೆಕಾಯಿ ಗಾತ್ರದ ಒಂದು ಹಿತ್ತಾಳೆಯ ಪಿನ್ನು ತೋರಿಸಿದ. “ಇದು ತೆರೆದೇ ಇದ್ರೆ ಪೆಟ್ರೋಲ್ ಇಳೀತಾ ಇಳೀತಾ ಎಂಜಿನ್ ಒಳಗೆ ತುಂಬಿಕೊಳ್ತದೆ. ಬೆಳಿಗ್ಗೆ ಎಷ್ಟು ಒದ್ದರೂ ಕೆಮ್ಮುತ್ತದೆ ಅಷ್ಟೇ. ಸಂಜೆ ಹೀಗೆ ತಿರುಗಿಸಿಬಿಡಿ, ಬೆಳಿಗ್ಗೆ ವಾಪಸ್ ತಿರುಗಿಸಿ.” ಆರು ವರ್ಷದಲ್ಲಿ ನಾನು ಒಂದು ದಿನವೂ ಅದನ್ನು ಮುಟ್ಟಿಲ್ಲವೆಂದೆ. ಜೋಸಣ್ಣ ಸ್ಪ್ಯಾನರ್ ಕೆಳಗಿಟ್ಟ. “ಹಾಗಾದ್ರೆ ಇದು ಒಂದು ದಿನವೂ ಸ್ಟಾರ್ಟ್ ಆಗಬಾರದಿತ್ತಲ್ಲ ಸಾರೇ. ಸ್ಟಾರ್ಟ್ ಆಗ್ತಾ ಇತ್ತಲ್ಲ, ಅದು ಯಾಕೆ ಅಂತ ನಂಗೆ ಗೊತ್ತಾಗ್ತಾ ಇಲ್ಲ” ಎಂದು ತಲೆ ಕೆರೆದುಕೊಂಡ. ಏಳದಿರುವುದಕ್ಕೆ ಕಾರಣ ಹುಡುಕಿಕೊಂಡು ಹೋದವನು ಏಳುವುದಕ್ಕೆ ಕಾರಣ ತಿಳಿಯದೆ ಮನೆಗೆ ಬಂದೆ. ಆದರೂ ಒಂದು ಗುಟ್ಟು ಸಿಕ್ಕಿತಲ್ಲ ಎಂಬ ಸಮಾಧಾನವಿತ್ತು. ಇದನ್ನು ಸುಮಿತ್ರಳಿಗೂ ಹೇಳಬಾರದು, ನಾಳೆ ಎಲ್ಲರ ಮುಂದೆ ಒಂದೇ ಕಿಕ್ಕಿಗೆ ಎಬ್ಬಿಸಿ ತೋರಿಸಬೇಕು ಎಂದುಕೊಂಡೆ.

ಮಧ್ಯಾಹ್ನ ಇಬ್ಬರೂ ಗಾವಡಗೆರೆಯ ದಾರಿ ಹಿಡಿದೆವು. ಗಾಡಿ ಸೊಗಸಾಗಿ ಓಡಿತು. ಮಾವನ ಮನೆಯ ಅಂಗಳದಲ್ಲಿ, ಹುಲ್ಲಿನ ಮೆದೆಯ ಮುಂದೆ ನಿಲ್ಲಿಸಿದೆ. ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರೂ ಒಳಗೆ ಹೂ ಕಟ್ಟುತ್ತಿದ್ದಾಗ, ಕೈಕಾಲು ತೊಳೆಯುವವನಂತೆ ಹೊರಗೆ ಬಂದು, ಅತ್ತಿತ್ತ ನೋಡಿ, ಟ್ಯಾಂಕಿನ ಕೆಳಗೆ ಬೆರಳು ತೂರಿಸಿ ಪಿನ್ನನ್ನು ತಿರುಗಿಸಿದೆ. ಯಾವ ಕಡೆಗೆ ತಿರುಗಿಸಬೇಕೆಂದು ಜೋಸಣ್ಣ ಹೇಳಿದ್ದ, ಆದರೆ ನನಗೆ ನೆನಪಿದ್ದದ್ದು ತಿರುಗಿಸಬೇಕು ಎಂಬುದೊಂದೇ. ಪಿನ್ನಿನ ಮೇಲಿದ್ದ ಅಕ್ಷರಗಳು ಎಂದೋ ಸವೆದುಹೋಗಿದ್ದವು. ತಿರುಗುತ್ತಿದ್ದದ್ದು ಒಂದೇ ಕಡೆಗೆ, ಹಾಗಾಗಿ ಸಂಶಯವೂ ಬರಲಿಲ್ಲ.

ಬೆಳಿಗ್ಗೆ ಅಂಗಳದಲ್ಲಿ ಪೂಜೆಗೆ ಎಲ್ಲ ಸಾಲಾಗಿ ನಿಂತಿದ್ದವು. ಟಿಲ್ಲರು, ಔಷಧಿ ಹೊಡೆಯುವ ಕ್ಯಾನು, ಕುಡುಗೋಲು, ಮಚ್ಚು, ಬ್ಯಾರನ್ನಿನ ಶಾಖ ನೋಡುವ ಥರ್ಮಾಮೀಟರು, ಸುಮಿತ್ರ ಊರಿನಿಂದ ತಂದಿದ್ದ ಕತ್ತರಿ. ಕೊನೆಯಲ್ಲಿ ನಮ್ಮ ಗಾಡಿ. ಹ್ಯಾಂಡಲಿನ ಎರಡೂ ಕಡೆ ಬಾಳೆಕಂದು, ಹೆಡ್‌ಲೈಟಿಗೆ ಸೇವಂತಿಗೆ ಹಾರ, ಟ್ಯಾಂಕಿನ ಮೇಲೆ ಮೂರು ಬೆರಳಿನ ವಿಭೂತಿ. ಮಂಗಳಾರತಿಯಾಯಿತು, ಕುಂಬಳಕಾಯಿ ಒಡೆದಾಯಿತು. ಅತ್ತೆಯವರು ಮುಂದಿನ ಚಕ್ರದ ಮುಂದೊಂದು, ಹಿಂದಿನ ಚಕ್ರದ ಮುಂದೊಂದು ನಿಂಬೆಹಣ್ಣು ಇಟ್ಟರು. ಮಾವ ಜಗಲಿಯ ಮೇಲೆ ಮಂಡಿ ನೀವಿಕೊಳ್ಳುತ್ತ ಕುಳಿತರು. ಮಂಜು ಮೊಬೈಲು ಹಿಡಿದು ನಿಂತ. ಅಕ್ಕಪಕ್ಕದ ಮನೆಯವರೂ ಪ್ರಸಾದದ ನೆಪದಲ್ಲಿ ಬಂದಿದ್ದರು. ನಾನು ಗತ್ತಿನಿಂದ ಗಾಡಿ ಏರಿ, ಲಿವರ್ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಕಿಕ್ ಹೊಡೆದೆ.

ಗಾಡಿ ಕೆಮ್ಮಿತು. ಇನ್ನೊಂದು ಹೊಡೆದೆ. ಮತ್ತೆ ಕೆಮ್ಮಿತು. ಹತ್ತು ಹೊಡೆದೆ, ಹದಿನೈದು ಹೊಡೆದೆ. ಪೆಟ್ರೋಲಿನ ವಾಸನೆ ಊದಿನಕಡ್ಡಿಯ ವಾಸನೆಯನ್ನು ಮೀರಿ ಏಳತೊಡಗಿತು. ಹೆಂಡತಿ ಜೊತೆಗಿದ್ದಾಳೆ, ಟ್ಯಾಪು ಮುಚ್ಚಿದ್ದೇನೆ, ಪಾಯಿಂಟು ಉಜ್ಜಿಸಿದ್ದೇನೆ. ನನ್ನ ನೋಟ್‌ಬುಕ್ಕಿನ ಪ್ರಕಾರವಾಗಲಿ ಜೋಸಣ್ಣನ ಪ್ರಕಾರವಾಗಲಿ ಇದು ಆಗುವಂತಿರಲಿಲ್ಲ. ಬೆಳಿಗ್ಗೆ ಟ್ಯಾಪನ್ನು ವಾಪಸ್ ತಿರುಗಿಸಬೇಕೆಂದು ಜೋಸಣ್ಣ ಹೇಳಿದ್ದು ಆಗ ನೆನಪಿಗೇ ಬರಲಿಲ್ಲ. ಅಂಗಿ ಒದ್ದೆಯಾಯಿತು. ಪಕ್ಕದ ಮನೆಯ ಅಜ್ಜಿ, “ಕಾಲ್ ಬುಟ್ಟು ಕೈಲಾರಾ ತಿರುಗ್ಸಪ್ಪ” ಎಂದರು. ಮಂಜು ಯಾರಿಗೋ ಫೋನಿನಲ್ಲಿ, “ಆಯ್ತದೆ ಸಾರ್, ಅರ್ಧ ಗಂಟೇಲಿ ಹೇಳ್ತೀನಿ” ಎನ್ನುತ್ತಿದ್ದದ್ದು ಕೇಳಿಸಿತು. ಕಣ್ಣ ಮುಂದೆ ಬಣ್ಣದ ಬಲ್ಬು ಬಂತು. ಕಾಲಿನಲ್ಲಿ ಬಲವೇ ಉಳಿದಿರಲಿಲ್ಲ. ಇರುವ ದೇವರನ್ನೆಲ್ಲ ನೆನೆದು ಕೊನೆಯದಾಗಿ ಒಂದು ಅರ್ಧ ಕಿಕ್ ಹೊಡೆದೆ. ಲಿವರ್ ಪಾದವನ್ನು ಹಿಂದಕ್ಕೆ ಒದೆಯಿತು, ಎಂಜಿನ್ನು ಗುಡುಗಿ ಎದ್ದಿತು. ಸದ್ದಿನಲ್ಲಿ ಏನೋ ವ್ಯತ್ಯಾಸವಿದೆ ಎನ್ನಿಸಿತು, ಆದರೆ ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾವನ ಕಡೆ ಒಂದು ನೋಟ ಎಸೆದು, ಫಸ್ಟ್ ಗೇರು ಹಾಕಿ, ಕ್ಲಚ್ ಬಿಟ್ಟೆ.

ಗಾಡಿ ಹಿಂದಕ್ಕೆ ಹೋಯಿತು.

ಇದನ್ನು ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಆಗ ನನಗೂ ಒಂದೇ ಸಲಕ್ಕೆ ಅರ್ಥವಾಗಲಿಲ್ಲ. ಮುಂದಕ್ಕೆ ಹೋಗಲೆಂದು ನಾನು ಮೈಯನ್ನು ಮುಂದಕ್ಕೆ ಬಾಗಿಸಿದ್ದೆ. ಅಂಗಳ, ಜಗಲಿ, ಮಾವ, ಮಂಗಳಾರತಿಯ ತಟ್ಟೆ ಎಲ್ಲವೂ ನನ್ನಿಂದ ದೂರ ಹೋಗತೊಡಗಿದವು. ಇವರೆಲ್ಲ ಯಾಕೆ ಹಿಂದೆ ಸರಿಯುತ್ತಿದ್ದಾರೆ ಎಂದುಕೊಂಡೆ. ಬೆನ್ನಿಗೆ ಹುಲ್ಲು ತಾಗಿದ ಮೇಲೆ ಸರಿಯುತ್ತಿರುವವನು ನಾನೇ ಎಂದು ತಿಳಿಯಿತು. ಗಾಡಿ ಮೆದೆಯೊಳಗೆ ಅರ್ಧ ಹೊಕ್ಕು, ಎಂಜಿನ್ನು ಆರಿ ನಿಂತಿತು. ನನ್ನ ತಲೆಯ ಮೇಲೆ ಒಂದು ಹೊರೆ ಹುಲ್ಲು ಮೆಲ್ಲಗೆ ಬಂದು ಕೂತಿತು. ಟು ಸ್ಟ್ರೋಕ್ ಎಂಜಿನ್ನಿಗೆ ಹಿಂದೆ ಮುಂದೆ ಎಂಬ ಭೇದವಿಲ್ಲ, ಕಿಕ್ ಅರ್ಧಕ್ಕೇ ನಿಂತು ಒದ್ದುಕೊಂಡರೆ ಉಲ್ಟಾ ತಿರುಗಿಕೊಂಡೂ ಓಡಬಲ್ಲದು ಎಂಬುದು ಆಮೇಲೆ ಹೊಳೆಯಿತು. ನನ್ನ ಚಿತ್ರದಲ್ಲಿ ನಾನು ಯಾವತ್ತೂ ಬಾಣದ ಗುರುತನ್ನು ಒಂದೇ ಕಡೆಗೆ ಹಾಕುತ್ತಿದ್ದೆ.

ಯಾರೂ ನಗಲಿಲ್ಲ. ಹಬ್ಬದ ದಿನ ಪೂಜೆ ಮಾಡಿದ ಗಾಡಿ ಹಿಂದಕ್ಕೆ ಹೋದರೆ ನಗಬೇಕೋ ಶಾಂತಿ ಮಾಡಿಸಬೇಕೋ ಯಾರಿಗೂ ಗೊತ್ತಿರಲಿಲ್ಲ. ಅತ್ತೆಯವರು, “ತವ್ರು ಮನೆ ಬುಟ್ಟೋಗಕ್ಕೆ ಅದ್ಕೆ ಮನಸಿಲ್ಲ ಕಣಪ್ಪ” ಎಂದು ಕಣ್ಣೊರೆಸಿಕೊಂಡರು. ಮಂಜು ಮಾತ್ರ ನಿಂಬೆಹಣ್ಣಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಪರೀಕ್ಷಿಸುತ್ತಿದ್ದ. ಮುಂದಿನ ಚಕ್ರದ ಮುಂದಿಟ್ಟ ಹಣ್ಣು ಇಟ್ಟ ಹಾಗೇ ಇತ್ತು. ಹಿಂದಿನ ಚಕ್ರದ ಮುಂದಿಟ್ಟದ್ದು ಅಪ್ಪಚ್ಚಿಯಾಗಿತ್ತು. ಅದರ ಮೇಲೆ ಹತ್ತಿದ್ದು ಹಿಂದಿನ ಚಕ್ರವಲ್ಲ, ಹಿಂದಕ್ಕೆ ಬಂದ ಮುಂದಿನ ಚಕ್ರ. “ಇದು ಲೆಕ್ಕಕ್ಕಿಲ್ಲ ಅಪ್ಪ. ರಾಂಗ್ ಚಕ್ರ, ರಾಂಗ್ ಕಡೆಯಿಂದ” ಎಂದ. ಪಕ್ಕದ ಮನೆಯವರು, “ಅಣ್ ಒಡುದ್ದೋ ಇಲ್ವೋ ಅಷ್ಟೇ ನೋಡ್ಬೇಕು ಕಣ್ಲಾ, ಯಾವ್ ಚಕ್ರ ಅಂತ ದೇವ್ರು ಕೇಳ್ತಾನಾ?” ಎಂದರು. ಅಜ್ಜಿ ಒಂದು ಹಣ್ಣಿಗೆ ಅರ್ಧ ಗಾಡಿ ಎಂದು ತೀರ್ಪು ಕೊಟ್ಟರು. ನಾನು ಹುಲ್ಲಿನೊಳಗಿನಿಂದಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಗೆದ್ದೆನೋ ಸೋತೆನೋ ತಿಳಿಯದೆ ಇಳಿಯುವುದು ಹೇಗೆ?

ಮಾವ ಕೋಲೂರಿಕೊಂಡು ಹತ್ತಿರ ಬಂದರು. ಬಗ್ಗಿ ಎಂಜಿನ್ನು ಮೂಸಿದರು. “ನೆನ್ನೆ ಸಾಯಂಕಾಲ ಇದರ ಟ್ಯಾಪು ಮುಟ್ಟುದ್ದು ಯಾರು?” ಎಂದರು.

“ನಾನು” ಎಂದೆ. ಅದೇ ಕ್ಷಣಕ್ಕೆ ಮಾವನ ಹಿಂದಿನಿಂದ ಸುಮಿತ್ರ, “ನಾನೇ ಅಪ್ಪ” ಎಂದಳು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಗಾಡಿ ನಿಲ್ಲಿಸಿದ ತಕ್ಷಣ ಅವಳು ಮುಚ್ಚಿದ್ದಳು. ಸೂರ್ಯ ಮುಳುಗುವಾಗ ನಾನು ಕಳ್ಳನಂತೆ ಬಂದು ತೆರೆದಿದ್ದೆ. “ಬೆಳಿಗ್ಗೆ ನೋಡುದ್ರೆ ತೆರ್ದಿತ್ತು. ನೀವು ತೆರ್ದಿರ್ಬೇಕು ಅನ್ಕಂಡೆ ಅಪ್ಪ” ಎಂದಳು. ಮಾವ ಕೇಳಿದರು, “ನೀನು ಯಾವಾಗಿಂದ ಮುಚ್ತಿದ್ದೀಯವ್ವ?” ಅವಳು ತಲೆ ತಗ್ಗಿಸಿದಳು. “ನಮ್ಮನೆಗೆ ಬಂದಾಗ್ಲಿಂದ. ಸಂಜೆ ಗೇಟ್ ಹಾಕುವಾಗ ಮುಚ್ತೀನಿ, ಬೆಳಿಗ್ಗೆ ರಂಗೋಲಿ ಬುಡುವಾಗ ತೆರಿತೀನಿ. ಚಿಕ್ಕವಳಿದ್ದಾಗ ಟ್ಯಾಂಕ್ ಮೇಲೆ ಕೂರಿಸ್ಕೊಂಡು ಹೋಗ್ತಿದ್ರಲ್ಲ ನೀವು, ಇಳ್ದ ತಕ್ಷಣ ಮುಚ್ಚಿಸ್ತಿದ್ದದ್ದು ನನ್ ಕೈಲೇ ಅಲ್ವಾ.”

ಎರಡು ವರ್ಷದ ನೋಟ್‌ಬುಕ್ಕು ನನ್ನ ತಲೆಯೊಳಗೆ ಪುಟಪುಟವಾಗಿ ತಾನೇ ತಿರುವಿಕೊಂಡಿತು. ಗಾಡಿ ಯಾರನ್ನೂ ನೆನೆಸಿಕೊಳ್ಳುತ್ತಿರಲಿಲ್ಲ. “ನಂಗೆ ಒಂದು ಮಾತು ಹೇಳಬಾರದಿತ್ತಾ?” ಎಂದು ಕೇಳಿದೆ. ಹುಲ್ಲಿನಲ್ಲಿ ಕೂತವನ ದನಿಯಲ್ಲಿ ಎಷ್ಟು ಸಿಟ್ಟು ಬರಬಹುದೋ ಅಷ್ಟು ಬಂತು.

“ಹೇಳಿದ್ದೆ ಕಣ್ರೀ. ಗುರುಪುರದ ರೋಡಲ್ಲಿ ಹೋಗುವಾಗ ಎಷ್ಟು ಸಲ ಹೇಳಿದೀನಿ. ನೀವು ಹೂಂ ಅಂತಿದ್ರಿ.”

ಆಗ ನಕ್ಕರು ಎಲ್ಲರೂ. ಮಾವನಂತೂ ಕೋಲನ್ನು ಅತ್ತೆಯ ಕೈಗೆ ಕೊಟ್ಟು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡರು. ಆಮೇಲೆ ನನ್ನನ್ನು ಇಳಿಸಿ, ಗಾಡಿಯನ್ನು ಮೆದೆಯಿಂದ ಎಳೆದು ತಂದು, ಮಗಳಿಗೆ, “ನೀ ಅತ್ತವ್ವ ಗಾಡಿ ಮ್ಯಾಲೆ” ಎಂದರು. ಸುಮಿತ್ರ ಬೇಡವೆನ್ನಲಿಲ್ಲ. ಹಬ್ಬದ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಟ್ಯಾಪು ಮುಚ್ಚಿ, ಪ್ಲಗ್ಗು ಬಿಚ್ಚಿಸಿ, ಅದನ್ನು ಮಂಜುವಿನ ಹೊಸ ಅಂಗಿಯ ತುದಿಯಲ್ಲಿ ಒರೆಸಿದಳು. ಆಕ್ಸಿಲರೇಟರ್ ಪೂರಾ ತಿರುಗಿಸಿ ಹತ್ತು ಸಲ ಖಾಲಿ ಕಿಕ್ ಹೊಡೆದು ತುಂಬಿಕೊಂಡಿದ್ದ ಪೆಟ್ರೋಲನ್ನೆಲ್ಲ ಕಕ್ಕಿಸಿದಳು. ಪ್ಲಗ್ಗು ಹಾಕಿ, ಟ್ಯಾಪು ತೆರೆದು, ಲಿವರನ್ನು ಮೆಲ್ಲಗೆ ಒತ್ತಿ ಎಂಜಿನ್ನು ಬಿಗಿಯಾಗುವ ಜಾಗ ಹುಡುಕಿ, ಒಂದೇ ಒಂದು ಕಿಕ್ಕನ್ನು ತಳದವರೆಗೂ ತುಳಿದಳು. ಗಾಡಿ ಎದ್ದಿತು. ಈ ಸಲ ಸದ್ದಿನಲ್ಲಿ ವ್ಯತ್ಯಾಸವಿರಲಿಲ್ಲ. ಉಳಿದಿದ್ದ ನಿಂಬೆಹಣ್ಣನ್ನು ಚಟ್ ಎನ್ನಿಸಿ, ಅಂಗಳ ದಾಟಿ, ಬ್ಯಾರನ್ನಿನ ಹಿಂದೆ ಒಂದು ಸುತ್ತು ಹಾಕಿ ವಾಪಸ್ ಬಂದಳು. ಅವಳ ಮುಖದಲ್ಲಿದ್ದ ಸಂತೋಷವನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಮದುವೆಯ ದಿನ ಹಾಗೆ ಕಾಣಲು ನಾನೇನೂ ಮಾಡಿರಲಿಲ್ಲವೆನ್ನುವುದೂ ನಿಜ. ಮಾವನ ಕಣ್ಣು ಒದ್ದೆಯಾಗಿತ್ತು. “ನಂಗೆ ಅವತ್ತೇ ಒಳೀಲಿಲ್ಲ ನೋಡಿ ಮೇಷ್ಟ್ರೇ. ಮಗನಿಗೋ ಅಳಿಯನಿಗೋ ಅಂತ ಯೋಚ್ನೆ ಮಾಡ್ದೆ, ಮಗಳು ಪಕ್ದಲ್ಲೇ ನಿಂತಿದ್ಲು” ಎಂದರು. ಮಂಜು ಮರೆಗೆ ಹೋಗಿ ಫೋನಿನಲ್ಲಿ, “ಇಲ್ಲ ಸಾರ್, ಗಾಡಿ ಓಡ್ತಾ ಅದೆ” ಎಂದು ಬೇಸರದಿಂದ ಹೇಳಿದ.

ಗೋಡೆಗೆ ಹೋಗಬೇಕಿದ್ದ ಗಾಡಿ ಹೀಗೆ ನಮ್ಮ ಮನೆಯಲ್ಲೇ ಉಳಿಯಿತು. ಉಳಿಸಿಕೊಂಡವನು ನಾನಲ್ಲ ಎಂಬುದೊಂದನ್ನು ಬಿಟ್ಟರೆ ಎಲ್ಲವೂ ನಾನು ಬಯಸಿದ ಹಾಗೆಯೇ ಆಯಿತು. ಈಗ ಬೆಳಿಗ್ಗೆ ಸುಮಿತ್ರ ನನ್ನನ್ನು ಸ್ಕೂಲಿಗೆ ಬಿಟ್ಟು, ಹಾಗೆಯೇ ಎಚ್.ಡಿ. ಕೋಟೆಗೆ ಹೋಗಿ ಲೈನಿಂಗ್ ಬಟ್ಟೆ ತಂದುಕೊಳ್ಳುತ್ತಾಳೆ. ನಾನು ಹಿಂದೆ ಕೂತು ಏನೇನೋ ಹೇಳುತ್ತಿರುತ್ತೇನೆ. ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸುವುದಿಲ್ಲ, “ಹೂಂ” ಎನ್ನುತ್ತಿರುತ್ತಾಳೆ. ಸಂಜೆ ಗೇಟು ಹಾಕಿ ಒಳಗೆ ಬಂದವಳನ್ನು, “ಟ್ಯಾಪು ಮುಚ್ಚಿದ್ಯಾ?” ಎಂದು ಕೇಳುತ್ತೇನೆ. ಹೊಲಿಗೆ ಯಂತ್ರದ ಸದ್ದಿನ ನಡುವೆ, “ಹೂಂ” ಎನ್ನುತ್ತಾಳೆ. ಅವಳು ಕೇಳಿಸಿಕೊಂಡೇ ಹೂಂ ಅಂದಳೋ, ನನ್ನ ಹಾಗೆ ಸುಮ್ಮನೆ ಹೂಂ ಅಂದಳೋ ಎಂಬ ಅನುಮಾನ ನನ್ನನ್ನು ಬಿಡುವುದಿಲ್ಲ. ಎದ್ದು ಹೊರಗೆ ಹೋಗಿ, ಟ್ಯಾಂಕಿನ ಕೆಳಗೆ ಬಗ್ಗಿ ನೋಡುತ್ತೇನೆ. ಅಕ್ಷರ ಸವೆದ ಆ ಹಿತ್ತಾಳೆಯ ಪಿನ್ನು ಮುಚ್ಚಿದೆಯೋ ತೆರೆದಿದೆಯೋ ನನಗೆ ಇನ್ನೂ ತಿಳಿಯುವುದಿಲ್ಲ. ಅದನ್ನು ಮುಟ್ಟದೆ, ಕೈಯನ್ನು ಬೆನ್ನಿನ ಹಿಂದೆ ಕಟ್ಟಿಕೊಂಡು ಒಳಗೆ ಬರುತ್ತೇನೆ.